ಕೂತವರ ಎತ್ತರ

“ಇನ್ನೊಂದು ಸೌಟು ಹಾಕ್ಲಾ?” ಎಂದು ಕೇಳಿದಾಗ ಗಂಡ ತಲೆ ಎತ್ತಲಿಲ್ಲ. ಗಾಲಿಕುರ್ಚಿಯಲ್ಲಿ ಮುಂದಕ್ಕೆ ಬಾಗಿ, ತಟ್ಟೆಯೊಳಗೆ ಏನನ್ನೋ ಹುಡುಕುವವನಂತೆ ಕೂತಿದ್ದವನು ಎಡಗೈ ಬೆರಳುಗಳನ್ನು ಅಡ್ಡಡ್ಡ ಆಡಿಸಿದ. ಬೇಡ ಎಂದು ಅರ್ಥ. ಸೌಟು ಹಿಡಿದು ನಿಂತವಳಿಗೆ ಅವನ ನೆತ್ತಿ ಮಾತ್ರ ಕಾಣುತ್ತಿತ್ತು. ಏಳು ತಿಂಗಳಿಂದ ಅವಳು ಬಡಿಸುತ್ತಿದ್ದುದು ಆ ನೆತ್ತಿಗೇ.

ಇದನ್ನೆಲ್ಲ ನಾದಿನಿ ಬಾಗಿಲ ಬಳಿ ಕೂತು ನೋಡುತ್ತಿದ್ದಳು. ವಾರಕ್ಕೊಮ್ಮೆ ಅಣ್ಣನನ್ನು ನೋಡಿಕೊಂಡು ಹೋಗಲು ಬರುವವಳು. ಅತ್ತಿಗೆಯ ಹಿಂದೆಯೇ ಅಡುಗೆಮನೆಗೆ ಬಂದು ದನಿ ತಗ್ಗಿಸಿದಳು.

“ಅತ್ತಿಗೆ, ಬೇಜಾರು ಮಾಡ್ಕೋಬೇಡಿ. ಅಣ್ಣ ನಿಮ್ಮ ಮುಖ ನೋಡಿ ಊಟ ಮಾಡಲ್ಲ. ಹೋದ ವಾರಾನೂ ನೋಡ್ದೆ, ಇವತ್ತೂ ನೋಡ್ದೆ. ನಮ್ಮನೆಗೆ ಬಂದಾಗ ನಗ್ತಾ ಮಾತಾಡ್ತಾ ತಟ್ಟೆ ಖಾಲಿ ಮಾಡ್ದ.”

“ನಾನೇನು ಹೊಡ್ದು ಕೂರಿಸಿದೀನಾ?”

“ಹಾಗಂದ್ನಾ ನಾನು? ನಿಮಗೂ ಸಾಕಾಗಿದೆ. ಅದು ಅವನಿಗೆ ಗೊತ್ತಾಗದೆ ಇರತ್ತಾ? ಭಾನುವಾರ ಬಂದು ಕರ್ಕೊಂಡು ಹೋಗ್ತೀನಿ, ಅಣ್ಣಂಗೂ ಹೇಳಿದೀನಿ. ನಮ್ಮನೇಲೇ ಇರ್ಲಿ.”

“ಎಷ್ಟು ದಿನ?”

ನಾದಿನಿ ನಲ್ಲಿ ತಿರುಗಿಸಿ, ಯಾರೂ ಹೇಳದಿದ್ದರೂ ಲೋಟ ತೊಳೆಯತೊಡಗಿದಳು. “ಇರ್ಲಿ ಅಂದೆ. ದಿನ ಎಣಿಸೋದು ಯಾಕೆ?”

ಅತ್ತಿಗೆ ಹೂಂ ಎಂದಳು. ಇಲ್ಲ ಎನ್ನುವುದಕ್ಕೂ ಮೈಯಲ್ಲಿ ಒಂದಿಷ್ಟು ಶಕ್ತಿ ಬೇಕು. ಬೆಳಿಗ್ಗೆ ಏಳರಿಂದ ಸಂಜೆ ನಾಲ್ಕರವರೆಗೆ ಹೋಟೆಲೊಂದರ ಬಟ್ಟೆ ಒಗೆಯುವ ವಿಭಾಗದಲ್ಲಿ ಹಾಸಿಗೆ ಹೊದಿಕೆಗಳನ್ನು ಇಸ್ತ್ರಿ ಮಾಡುವ ಕೆಲಸ ಅವಳದು. ಹಬೆಯ ನಡುವೆ ನಿಂತ ಕಾಲಲ್ಲೇ ನಿಂತು ಮನೆಗೆ ಬರುವಷ್ಟರಲ್ಲಿ ಕಾಲು ಪದ ಹೇಳುತ್ತಿರುತ್ತಿತ್ತು. ಬಂದ ಮೇಲೆ ಗಂಡನನ್ನು ಎತ್ತುವುದು, ಒರೆಸುವುದು, ಕೂರಿಸುವುದು. ಇಪ್ಪತ್ತೇಳು ವರ್ಷ ಬಸ್ಸು ಓಡಿಸಿ ಒಂದು ಗೀರು ಬೀಳಿಸದವನು ಡಿಪೋದಲ್ಲಿ ಬಸ್ಸು ತೊಳೆಯುವ ಜಾಗದ ಸೋಪುನೀರಿನ ಮೇಲೆ ಜಾರಿ ಬೆನ್ನುಮೂಳೆ ಮುರಿದುಕೊಂಡಿದ್ದ. ಆಸ್ಪತ್ರೆಯಿಂದ ಬಂದ ಹೊಸದರಲ್ಲಿ ಇಬ್ಬರೂ ಮಾತಾಡಿಕೊಳ್ಳುತ್ತಿದ್ದರು. ಆಮೇಲೆ ಮಾತು ಕೆಲಸಕ್ಕೆ ಬೇಕಾದಷ್ಟಕ್ಕೆ ಬಂದು ನಿಂತಿತ್ತು. ಅವನು ತಲೆ ಬಗ್ಗಿಸಿ ಉಣ್ಣುತ್ತಿದ್ದ. ಅವಳು ಅಡುಗೆಮನೆಯಲ್ಲಿ ಒಲೆಕಟ್ಟೆಗೆ ಒರಗಿ ನಿಂತು ಉಣ್ಣುತ್ತಿದ್ದಳು. ನನ್ನ ಮೇಲಿನ ಮುನಿಸು ಇದು, ತನ್ನನ್ನು ಮೂಟೆಯ ಹಾಗೆ ಎತ್ತಿಡುತ್ತಾಳೆ ಅಂತ ಇರಬೇಕು, ಅಂದುಕೊಂಡಿದ್ದಳು. ಎತ್ತುವಾಗ ಅವಳ ಮುಖ ಹೇಗಿರುತ್ತದೋ ಅವಳಿಗೇನು ಗೊತ್ತು.

ಮರುದಿನ ಸಂಜೆ ಗಂಡನನ್ನು ಹಾಸಿಗೆಗೆ ದಾಟಿಸಿ, ಖಾಲಿ ಗಾಲಿಕುರ್ಚಿ ತಳ್ಳಿಕೊಂಡು ಮೇಜು ಒರೆಸಲು ಬಂದಾಗ ಮಂಡಿ ಇನ್ನು ಆಗಲ್ಲ ಎಂದಿತು. ಕೈಗೆ ಸಿಕ್ಕಿದ್ದು ಅದೊಂದೇ. ಅದರಲ್ಲೇ ಕುಸಿದು ಕೂತಳು. ಏಳು ತಿಂಗಳು ಅದನ್ನು ತಳ್ಳಿದ್ದಳು, ತೊಳೆದಿದ್ದಳು, ಗಾಲಿಗೆ ಎಣ್ಣೆ ಬಿಟ್ಟಿದ್ದಳು. ಕೂತಿರಲಿಲ್ಲ. ಬೆನ್ನು ಹಿಂದಕ್ಕೆ ಚೆಲ್ಲಿ ಮುಖ ಎತ್ತಿದ್ದೇ ತಡ, ಬಿಳಿ ಬೆಳಕು ಸೂಜಿಯ ಹಾಗೆ ಕಣ್ಣೊಳಗೆ ಇಳಿಯಿತು. ಕಣ್ಣು ಮುಚ್ಚಿದಳು. ತೆರೆದಳು. ಬಲಕ್ಕೆ ವಾಲಿ ನೋಡಿದಳು, ಎಡಕ್ಕೆ ವಾಲಿದಳು. ಎತ್ತ ತಿರುಗಿದರೂ ಮೇಲೆ ತೂಗುತ್ತಿದ್ದ ದೀಪದ ತಗಡಿನ ಬುಟ್ಟಿಯಂಥ ಮುಚ್ಚಳದೊಳಗಿಂದ ಬಲ್ಬು ಇಣುಕುತ್ತಿತ್ತು. ಕೊನೆಗೆ ಹಣೆಗೆ ಕೈ ಅಡ್ಡ ಹಿಡಿದು ತಲೆ ಬಗ್ಗಿಸಿದಳು. ಬಗ್ಗಿಸಿದ ಮೇಲೆ ಮೇಜು ಬಿಟ್ಟರೆ ಏನೂ ಕಾಣುತ್ತಿರಲಿಲ್ಲ.

ಈ ಮನೆಗೆ ಬಂದ ಹೊಸದರಲ್ಲಿ ಆ ದೀಪ ಕೆಳಗೇ ತೂಗುತ್ತಿತ್ತು. ಆರಡಿಯ ಗಂಡ ಒಂದೇ ವಾರದಲ್ಲಿ ಮೂರು ಸಲ ಹಣೆ ಬಡಿಸಿಕೊಂಡು, “ಈ ಮನೇಲಿ ತಲೆ ಎತ್ಕೊಂಡು ಓಡಾಡೋರು ಒಬ್ರೇ, ನಾನೋ ಇದೋ” ಎಂದು ಅದರ ಸರಪಳಿಯನ್ನು ಸುತ್ತಿ ಸುತ್ತಿ ಕೊಕ್ಕೆಗೆ ಸಿಕ್ಕಿಸಿದ್ದ. ಆಗ ಊಟ ಅಡುಗೆಮನೆಯಲ್ಲಿ; ಮೇಜು ಹಳೆ ಪೇಪರಿಗೆ, ಮಡಿಸದ ಬಟ್ಟೆಗೆ. ಗಾಲಿಕುರ್ಚಿ ಅಡುಗೆಮನೆಯ ಬಾಗಿಲಲ್ಲಿ ಹಿಡಿಸದ್ದರಿಂದ ಅವನ ಊಟ ಆ ದೀಪದಡಿಗೆ ಬಂದಿತ್ತು. ಮಾತ್ರೆ ಹಾಳೆಯ ಮೇಲಿನ ಇರುವೆಯಂಥ ಅಕ್ಷರ ಓದಲಾಗುವುದಿಲ್ಲವೆಂದು ದೊಡ್ಡ ಬಿಳಿ ಬಲ್ಬು ತಂದು ಹಾಕಿದವಳು ಅವಳೇ.

ಎದ್ದು ಕೋಣೆಗೆ ಹೋದಳು.

“ಆ ದೀಪ ಕಣ್ಣಿಗೆ ಹೊಡೆಯತ್ತಾ?”

“ಯಾವ ದೀಪ?”

“ನಾಟಕ ಬೇಡ. ನಾನು ಈಗ ಅಲ್ಲೇ ಕೂತು ಬಂದೆ.”

ಅವನು ಗೋಡೆ ನೋಡಿದ. “ಸ್ವಲ್ಪ.”

“ಸ್ವಲ್ಪ ಅಲ್ಲ. ನನ್ನ ಕಣ್ಣೆದುರು ಇನ್ನೂ ಹಸಿರು ಚುಕ್ಕೆ ಕುಣೀತಿದೆ. ಏಳು ತಿಂಗಳು ಬಾಯಿ ಬಿಡೋಕೆ ಏನಾಗಿತ್ತು ನಿಮಗೆ?”

“ದಿನಕ್ಕೆ ಇಪ್ಪತ್ತು ಸಲ ನಿನ್ನ ಕರೀತೀನಿ. ನೀರು ಅಂತೀನಿ, ತಿರುಗಿಸು ಅಂತೀನಿ, ಕಾಲು ಎತ್ತಿಡು ಅಂತೀನಿ. ಇಪ್ಪತ್ತೊಂದನೇದು ಇದೊಂದು ಯಾಕೆ ಅಂತ ಬಿಟ್ಟೆ.”

ಅವಳಿಗೆ ಸಿಟ್ಟು ಬಂತು. ಅದು ಅವನ ಮೇಲೋ ತನ್ನ ಮೇಲೋ ತಿಳಿಯದೆ ಹೊದಿಕೆಯನ್ನು ಜೋರಾಗಿ ಕೊಡವಿ ಅವನ ಕಾಲ ಮೇಲೆ ಎಳೆದಳು. “ನಾನೇನಂದ್ಕೊಂಡಿದ್ದೆ ಗೊತ್ತಾ?”

“ಏನು?”

“ಏನಿಲ್ಲ ಬಿಡಿ.”

ಶನಿವಾರ ಅವಳು ಕೆಲಸ ಮುಗಿಸಿ ಬರುವ ಹೊತ್ತಿಗೆ ಎಲೆಕ್ಟ್ರಿಷಿಯನ್ ಬಂದ. ಅರ್ಧ ತಲೆ ನರೆತ, ಬಾಯಿಗೆ ಬಿಡುವಿಲ್ಲದ ಮನುಷ್ಯ. ಸ್ಟೂಲ್ ಹತ್ತಿ ಸರಪಳಿ ಬಿಚ್ಚುತ್ತ, “ಲೆಕ್ಕ ಅಂದ್ರೆ ಮೇಜಿಂದ ಎರಡೂವರೆ ಅಡಿ ಅಕ್ಕಾ. ಎಲ್ಲರ ಮನೇಲೂ ಅಷ್ಟೇ ಇಡೋದು” ಎಂದ.

“ಎಲ್ಲರ ಮನೆ ಲೆಕ್ಕ ಬೇಡ. ಇವರು ಕೂತು ಹೇಳ್ತಾರೆ” ಎಂದು ಅವಳು ಗಂಡನನ್ನು ಮೇಜಿನ ಬಳಿಗೆ ತಳ್ಳಿಕೊಂಡು ಬಂದಳು.

“ಇಷ್ಟು?”

“ಚುಚ್ಚತ್ತೆ.”

“ಈಗ?”

“ಬಲ್ಬಿನ ಅಂಚು ಕಾಣತ್ತೆ ಇನ್ನೂ.”

“ಡ್ರೈವರಣ್ಣ, ನನ್ನ ಕೈ ನೋವು ಬರ್ತಿದೆ. ಬಸ್ಸು ಹಿಂದಕ್ಕೆ ತಗೊಳ್ಳೋವಾಗ ಹೇಳ್ತಾರಲ್ಲ, ಹಾಗೆ ಹೇಳಿಬಿಡಿ.”

ಗಂಡ ಗಂಟಲು ಸರಿಮಾಡಿಕೊಂಡ. “ಬರ್ಲಿ… ಬರ್ಲಿ… ಇನ್ನೂ ಬರ್ಲಿ…” ಬಹಳ ದಿನದ ಮೇಲೆ ಆ ದನಿ ಗೋಡೆಗೆ ತಾಕಿ ವಾಪಸ್ಸು ಬಂತು. “ಹೋಲ್ಡಾನ್.”

ಎಲೆಕ್ಟ್ರಿಷಿಯನ್ ಮುಚ್ಚಳ ಹಿಡಿದುಕೊಂಡೇ ಬಗ್ಗಿ ನೋಡಿದ. “ಇದು ತೀರಾ ಕೆಳಗಾಯ್ತಣ್ಣ. ಅಕ್ಕ ನಿಂತು ಬಡಿಸೋಕೆ ಬಗ್ಗಿದ್ರೆ ಹಣೆಗೆ ಬಡಿಯತ್ತೆ. ನಿಮ್ಮ ಕಣ್ಣು ಉಳಿಸೋಕೆ ಹೋಗಿ ಅವರ ಹಣೆ ಒಡೀಬಾರ್ದು.”

“ನಿಂತಿದ್ದು ಸಾಕು” ಎಂದಳು ಅವಳು. “ಅಲ್ಲೇ ಕಟ್ಟಿ.”

ಬಲ್ಬನ್ನೂ ಬದಲಾಯಿಸಿದ, ಹಳದಿ ಬೆಳಕಿನ ಚಿಕ್ಕದು. ಮಾತ್ರೆಯ ಹೆಸರು ಓದಲು ಅಡುಗೆಮನೆಗೆ ಹೋದರಾಯಿತು.

ಅವತ್ತು ರಾತ್ರಿ ಅವಳು ಪಾತ್ರೆಗಳನ್ನೆಲ್ಲ ಮೇಜಿಗೆ ತಂದಿಟ್ಟು, ಕೋಣೆಯ ಕುರ್ಚಿಯನ್ನು ಎಳೆದುಕೊಂಡು ಎದುರು ಕೂತಳು. ಬೆಳಕು ತಟ್ಟೆಗಳ ಮೇಲೆ, ಇಬ್ಬರ ಕೈಗಳ ಮೇಲೆ ಬಿದ್ದು ಅಲ್ಲಿಂದ ಮೆತ್ತಗೆ ಮೇಲೇಳುತ್ತಿತ್ತು. ಗಂಡ ಎರಡು ತುತ್ತು ತಿಂದು ತಲೆ ಎತ್ತಿದ. ಎತ್ತಿದವನು ಇಳಿಸಲಿಲ್ಲ. ಅವಳಿಗೆ ಮುಜುಗರವಾಯಿತು.

“ಏನು?”

“ಕಣ್ಣ ಕೆಳಗೆ ಇದೆಲ್ಲ ಯಾವಾಗ ಬಂತು?”

“ಬಂದು ಬಹಳ ದಿನ ಆಯ್ತು.”

“ನೀನು ನಿದ್ದೆ ಮಾಡೋದೇ ಇಲ್ವಾ?”

“ಎರಡು ಸಲ ಎದ್ದು ನಿಮ್ಮ ಮಗ್ಗುಲು ಬದಲಿಸ್ಬೇಕಲ್ಲ. ಬೆಳಿಗ್ಗೆ ಮತ್ತೆ ಐದಕ್ಕೆ ಏಳ್ಬೇಕು.” ದೂರು ಹೇಳುವಂತೆಯೂ ಇರಲಿಲ್ಲ ಅವಳ ಮಾತು. “ತಿನ್ನಿ, ಆರಿಹೋಗತ್ತೆ.”

ಅವನು ತಿಂದ. ಮತ್ತೆ ನೋಡಿದ.

ಭಾನುವಾರ ಬೆಳಿಗ್ಗೆ ಎಚ್ಚರವಾದಾಗಲೇ ಅವಳು ನಿಶ್ಚಯಿಸಿಬಿಟ್ಟಿದ್ದಳು, ಕಳಿಸುವುದಿಲ್ಲ. ನಾದಿನಿಗೆ ಹೇಳಬೇಕಾದ ಮಾತನ್ನು ಬಾಯಲ್ಲೇ ತಿರುವುತ್ತ ಇಡೀ ಮನೆ ಒರೆಸಿದಳು. ಕೊನೆಯ ಮೂಲೆ ಒರೆಸುತ್ತಿದ್ದಾಗ ಕಾರು ನಿಂತ ಸದ್ದಾಯಿತು. ನಾದಿನಿ ಬಟ್ಟೆ ತುಂಬಲು ಎರಡು ದೊಡ್ಡ ಚೀಲ ತಂದಿದ್ದಳು.

“ಒಂದೇ ಚೀಲ ಸಾಕು” ಎಂದ ಗಂಡ, ಹೆಂಡತಿ ಬಾಯಿ ತೆರೆಯುವ ಮೊದಲೇ. “ಒಂದು ವಾರಕ್ಕೆ ಆಗೋಷ್ಟು ಬಟ್ಟೆ.”

“ವಾರ ಯಾಕಣ್ಣ? ನಾನು ಅತ್ತಿಗೆ ಹತ್ರ ಮಾತಾಡಿ…”

“ಇವಳು ಒಂದು ವಾರ ಕಾಲು ಚಾಚಿ ಮಲಗ್ಲಿ. ಬರೋ ಭಾನುವಾರ ತಂದು ಬಿಡ್ಬೇಕು. ಆಗಲ್ಲ ಅಂದ್ರೆ ಈಗ್ಲೇ ಹೇಳು, ನಾನು ಬರಲ್ಲ.”

ನಾದಿನಿ ಅಣ್ಣನ ಮುಖ ನೋಡಿದಳು, ಅತ್ತಿಗೆಯ ಮುಖ ನೋಡಿದಳು. “ನಾನೇನು ನಿನ್ನ ಅಡ ಇಟ್ಕೋತೀನಾ? ಬಿಡ್ತೀನಿ ಬಿಡು.”

ಸಿದ್ಧ ಮಾಡಿಕೊಂಡಿದ್ದ ಮಾತನ್ನು ಅವಳು ನುಂಗಿಕೊಂಡಳು. ಬೇರೆ ಮಾತು ಶುರುವಾಯಿತು. ಯಾವ ಮಾತ್ರೆ ಊಟಕ್ಕೆ ಮೊದಲು, ಮೊದಲು ಎಡ ಮಗ್ಗುಲು ಯಾಕೆ, ಹಿಮ್ಮಡಿ ಕೆಂಪಾದರೆ ಏನು ಹಚ್ಚಬೇಕು, ದಿಂಬು ಎಲ್ಲಿಡಬೇಕು, ಎತ್ತುವಾಗ ಸೊಂಟ ಹೇಗೆ ಹಿಡಿಯಬೇಕು. ಹೂಂಗುಟ್ಟುತ್ತಿದ್ದ ನಾದಿನಿ ಅರ್ಧದಲ್ಲಿ ಕೈಯಲ್ಲಿದ್ದ ಚೀಲ ಕೆಳಗಿಟ್ಟಳು.

“ಅತ್ತಿಗೆ,” ಎಂದಳು, “ಬರೆದುಕೊಡಿ.”

ಕಾರು ತಿರುವಿನಲ್ಲಿ ಮರೆಯಾದ ಮೇಲೆ ಅವಳು ಒಳಗೆ ಬಂದಳು. ಒರೆಸಿದ ನೆಲ ಇನ್ನೂ ಆರಿರಲಿಲ್ಲ. ಮೇಜಿನಿಂದ ಹೊಸಿಲವರೆಗೆ ಗಾಲಿಯ ಎರಡು ಗೆರೆಗಳು ಬಿದ್ದಿದ್ದವು. ತುಳಿಯದಂತೆ ಗೋಡೆಗೆ ಒತ್ತಿಕೊಂಡು ನಡೆದು ಕೋಣೆಗೆ ಹೋಗಿ ಅವನ ಹಾಸಿಗೆಯ ಮೇಲೆ ಮಲಗಿದಳು. ತೆರೆದ ಬಾಗಿಲಿನಿಂದ ನೆಲ ಕಾಣುತ್ತಿತ್ತು. ಗೆರೆಗಳು ಹೊಸಿಲ ಕಡೆಯಿಂದ ಒಂದೊಂದೇ ಗೇಣು ಆರುತ್ತ ಬರುತ್ತಿದ್ದವು.