ಬಲಗಡೆಯ ಸೆರಗು

ತಮಿಳು ಸೀಮೆಯ ಓಡೈಪಟ್ಟಿಯ ಬಸ್ ನಿಲ್ದಾಣದ ಎದುರಿಗಿರುವ ಅಭಿರಾಮಿಯ ಸ್ಟುಡಿಯೋಗೆ ಬರುವವರು ಹೆಚ್ಚಾಗಿ ಸತ್ತವರಿಗಾಗಿ ಬರುತ್ತಾರೆ. ಬದುಕಿದ್ದಾಗ ಕೂಲಿಯವನನ್ನು ಯಾರೂ ಕೂರಿಸಿ ಪಟ ತೆಗೆದಿರುವುದಿಲ್ಲ. ಯಾರದೋ ಮದುವೆಯ ವಿಡಿಯೋದಲ್ಲಿ ಅನ್ನದ ಹಂಡೆ ಹೊತ್ತು ಹಾದುಹೋಗಿರುತ್ತಾನೆ, ಅಷ್ಟೆ. ಅವಳು ಅದನ್ನು ಒಂದೊಂದೇ ಫ್ರೇಮಾಗಿ ನಡೆಸಿ, ಕಣ್ಣು ತೆರೆದಿರುವ ಒಂದನ್ನು ಹಿಡಿದು, ಹಂಡೆ ಅಳಿಸಿ, ಮಾಲೆ ಹಾಕುವ ಪಟ ಮಾಡಿಕೊಡುತ್ತಾಳೆ. ಹೋದ ವಾರ ತೋಟದ ಕೂಲಿಯ ತೇನ್‌ಮೊಳಿಗೆ ಅವಳ ಸತ್ತ ತಮ್ಮ ಮುರುಗನ್‌ನನ್ನು ಹಾಗೆಯೇ ತೆಗೆದುಕೊಟ್ಟಿದ್ದಳು. ಮೂರು ಮಧ್ಯಾಹ್ನ ಪಕ್ಕದಲ್ಲೇ ಕೂತು, ಪರದೆ ತೋರಿಸುತ್ತ, ತಮ್ಮನನ್ನು ಹುಡುಕಿಸಿದ್ದಳು ತೇನ್‌ಮೊಳಿ.

ಇಂದು ಬಂದವನು ಶಿವಬಾಲನ್. ಮುರುಗನ್ ಸತ್ತದ್ದು ಇವನ ದ್ರಾಕ್ಷಿ ತೋಟದಲ್ಲಿ. ಜೊತೆಗೆ ಭಾವಮೈದ ಶರವಣನ್. ಹೊರಗೆ ಲೋಡ್ ಗಾಡಿ ಇಂಜಿನ್ ಆರಿಸದೆ ನಿಂತಿತ್ತು.

“ಬಾ ಮಾಮ. ಏನು, ಮನೇಲಿ ಏನಾದ್ರೂ ವಿಶೇಷವಾ?”

“ಒಂದು ಮೊಗ ಬೇಕು, ತಾಯಿ.” ಶಿವಬಾಲನ್ ಫೋನನ್ನು ಮೇಜಿನ ಮೇಲಿಟ್ಟ. “ಇದು ಊರೆಲ್ಲ ಓಡ್ತಾ ಅದೆ. ನಿನ್ನೆ ದಿಂಡುಕಲ್ಲು ವ್ಯಾಪಾರಿ ನಿನ್ನ ಹಣ್ಣೇ ಬ್ಯಾಡ ಅಂದ.”

ನಲವತ್ತು ಸೆಕೆಂಡಿನ ವಿಡಿಯೋ. ದ್ರಾಕ್ಷಿ ಚಪ್ಪರದ ಕೆಳಗೆ ಒಬ್ಬಳು ಫೋನಿನಲ್ಲಿ ತನ್ನ ಪಟ ತಾನೇ ಹಿಡಿದುಕೊಂಡಿದ್ದಾಳೆ. ಕೀಟದ ಮದ್ದಿನ ಘಾಟಿಗೆ ಕಟ್ಟಿದ ಟವೆಲಿನಲ್ಲಿ ಕಣ್ಣೆರಡು ಬಿಟ್ಟು ಎಲ್ಲ ಮುಚ್ಚಿದೆ. ಚಪ್ಪರದ ನೆರಳಿಗೆ ಕಣ್ಣೂ ಕಪ್ಪು, ದನಿಯೂ ಬಟ್ಟೆಯಲ್ಲಿ ಹೂತಿದೆ. “ಪಾಂಬು ಕಡಿಕ್ಕಲೆ,” ಎಂದು ತಮಿಳಿನಲ್ಲಿ ಶುರುಮಾಡುತ್ತಾಳೆ. ಮುರುಗನ್‌ಗೆ ಹಾವು ಕಚ್ಚಲಿಲ್ಲ. ಮದ್ದು ಹೊಡೆದು ಒಂದು ಗಂಟೆಯೂ ಆಗಿರಲಿಲ್ಲ, ನಮ್ಮನ್ನು ತೋಟದ ಒಳಗೆ ಅಟ್ಟಿದರು. ನೊರೆ ಕಾರಿ ಬಿದ್ದವನನ್ನು ಹಾವು ಕಚ್ಚಿತೆಂದು ಸುಟ್ಟರು.

ಅಭಿರಾಮಿಗೆ ಮೊದಲ ಮಾತಿಗೇ ಗೊತ್ತಾಯಿತು. ಮೂರು ಮಧ್ಯಾಹ್ನ ಪಕ್ಕದಲ್ಲೇ ಕೇಳಿದ ತೇನ್‌ಮೊಳಿಯ ದನಿ.

ಆದರೆ ಈ ಇಬ್ಬರಿಗೆ ಪಟ ಬೇಕಿತ್ತು. ಹನ್ನೆರಡು ವರ್ಷ ತಮ್ಮ ತೋಟದಲ್ಲಿ ಬೆನ್ನು ಬಗ್ಗಿಸಿದವಳ ದನಿ ಇವರ ಕಿವಿಗೆ ಒಂದು ದಿನವೂ ಬಿದ್ದಿರಲಿಲ್ಲ.

“ಅವ್ನ ಅಕ್ಕನೇ ಇರ್ಬೇಕು ಮಾಮ,” ಎಂದ ಶರವಣನ್.

“ಅವ್ಳಾ? ನಾನು ಎದುರಿಗೆ ಬಂದ್ರೆ ಬದು ಬಿಟ್ಟು ಕೆಳಗಿಳಿದು ನಿಲ್ತಾಳೆ. ಅವ್ಳಿಗೇನ್ಲಾ ದೈರ್ಯ?”

“ಅವ್ಳೇ ಆದ್ರೆ?”

“ಆದ್ರೆ ಕಾಲನೀಗೆ ಹೋಗೋದು. ಹೋದ ಸಲ ಬಾಯಿ ತೆರೆದೋನು ಕಾಲುವೇಲಿ ಸಿಕ್ಕಲಿಲ್ವಾ?” ಶಿವಬಾಲನ್ ನಕ್ಕ. “ಓಡ್ಸು ತಾಯಿ. ಮೆಲ್ಲ.”

ಅಭಿರಾಮಿ ಓಡಿಸಿದಳು. ಒಂದು ಫ್ರೇಮ್, ಇನ್ನೊಂದು. ಗಾಳಿಗೆ ಟವೆಲಿನ ತುದಿ ಎದ್ದಿತು. ಗಲ್ಲ ಕಂಡು ಮುಚ್ಚಿಹೋಯಿತು. ಹೆಗಲು ಮಾತ್ರ ಸ್ಪಷ್ಟ.

“ನಿಲ್ಸು!” ಶಿವಬಾಲನ್ ಪರದೆಗೆ ಬೆರಳು ಒತ್ತಿದ. “ಸೆರಗು ನೋಡ್ಲಾ. ಬಲಗಡೆ.”

ಸೆರಗನ್ನು ಬಲಗಡೆಗೆ ಹಾಕುವುದು ಈ ಊರಿನ ಕನ್ನಡದ ಮನೆಗಳ ಹಳೆಯ ಪದ್ಧತಿ. ಸೊಸೆಯರು ಎಂದೋ ಬಿಟ್ಟಿದ್ದಾರೆ. ಹಾಗೆ ಉಡುವವರಲ್ಲಿ ಇನ್ನೂ ದ್ರಾಕ್ಷಿ ಗೊನೆ ಕೊಯ್ಯಲು ಹೋಗುವವಳು ಮೂಕಮ್ಮಾಳ್ ಒಬ್ಬಳೇ. ಶಿವಬಾಲನ್‌ನ ಸತ್ತ ಅಣ್ಣನ ಹೆಂಡತಿ.

“ನಮ್ಮ ಮನೆಯೋಳೇ,” ಎಂದ ಅವನು. ದನಿ ತಣ್ಣಗಿತ್ತು. “ಇದನ್ನೇ ಎತ್ತಿ ಕೊಡು.”

ಪಟದ ಮೂಲೆಯಲ್ಲಿ ಹಣ್ಣಿನ ಕ್ರೇಟು ಇತ್ತು. ಅದರ ಮೇಲಿನ ಅಕ್ಷರಗಳು ಹಿಂದುಮುಂದಾಗಿದ್ದವು. ಸೆಲ್ಫಿ ಕ್ಯಾಮೆರಾ ಕನ್ನಡಿಯ ಹಾಗೆ ತಿರುಗಿಸಿ ತೋರಿಸುತ್ತದೆ. ಎಡಗಡೆಯ ಸೆರಗು ಬಲಗಡೆಗೆ ಬಂದಿದೆ. ಒಂದು ಗುಂಡಿ ಒತ್ತಿದರೆ ನೇರವಾಗುತ್ತದೆ. ನೇರವಾದರೆ ಗಾಡಿ ಊರಾಚೆ ತೇನ್‌ಮೊಳಿ ಇರುವ ಕಾಲನಿಗೆ ಹೋಗುತ್ತದೆ.

ಅಭಿರಾಮಿ ಮೂಲೆಯನ್ನು ಕತ್ತರಿಸಿದಳು. ಕ್ರೇಟು ಹೋಯಿತು. ಹೆಗಲು ಮತ್ತು ಸೆರಗು ಉಳಿದವು. ನಮ್ಮೋರು ನಮ್ಮೋರನ್ನ ಏನು ಮಾಡ್ತಾರೆ, ಬೈದು ಬಿಡ್ತಾರೆ ಎಂದು ತನಗೇ ಹೇಳಿಕೊಂಡು, ಪಟವನ್ನು ಅವನ ಫೋನಿಗೆ ಕಳಿಸಿದಳು.

ಅವರು ಟೀ ಅಂಗಡಿಗೆ ತಿರುಗಿದ್ದೇ ಅವಳು ಹಿಂಬಾಗಿಲಿನಿಂದ ಎರಡು ಬೀದಿ ಓಡಿದಳು. ಮೂಕಮ್ಮಾಳ್ ಜಗಲಿಯಲ್ಲಿ ನುಗ್ಗೆಸೊಪ್ಪು ಬಿಡಿಸುತ್ತಿದ್ದಳು.

“ಅತ್ತೆ, ಎದ್ದೇಳು. ಹನುಮಂತನಪಟ್ಟಿಗೆ ಮಗಳ ಮನೆಗೆ ಹೋಗು. ಈಗ್ಲೇ!”

“ಯಾಕೆ, ದೆವ್ವ ಬೆನ್ನಟ್ಟಿತಾ?” ಎಂದು ನಕ್ಕವಳು, ಅಭಿರಾಮಿ ತೋರಿಸಿದ ಪಟ ನೋಡಿ ನಗು ನಿಲ್ಲಿಸಿದಳು. “ಇದು ನಾನಲ್ಲ.”

“ಗೊತ್ತು.”

“ಗೊತ್ತಿದ್ದೂ ಕೊಟ್ಟೆ?”

“ಆಮಾ, ಕೊಟ್ಟೆ ಅತ್ತೆ.”

“ಅಡಿ ಪಾವಿ, ಪಾಪಿ.” ಮುದುಕಿ ಮೊರವನ್ನು ಕೆಳಗಿಟ್ಟಳು. “ಇದು ಸತ್ತ ಹುಡುಗನ ಅಕ್ಕನಾ?”

ಅಭಿರಾಮಿ ಹೌದೆಂದು ತಲೆಯಾಡಿಸಿದಳು. ಗಾಡಿ ಬೀದಿಯ ತಿರುವಿನಲ್ಲಿತ್ತು. ಅಭಿರಾಮಿ ಬೀದಿಯಾಚೆಗೆ ಸರಿದಳು. ಮೂಕಮ್ಮಾಳ್ ಓಡಲಿಲ್ಲ. ಎದ್ದು, ಸೀರೆ ಕೊಡವಿ, ಬಾಗಿಲಲ್ಲಿ ನಿಂತಳು.

ಶಿವಬಾಲನ್ ಫೋನನ್ನು ಅವಳ ಮೊಗಕ್ಕೆ ಹಿಡಿದ. “ಅತ್ತಿಗೆ, ಇದು ಯಾರು?”

“ನಾನೇ.”

ಇಲ್ಲ ಎನ್ನುತ್ತಾಳೆ, ಅಳುತ್ತಾಳೆ, ಕಾಲು ಹಿಡಿಯುತ್ತಾಳೆ ಎಂದು ಬಂದವನು ಫೋನನ್ನು ಕೆಳಗಿಳಿಸಿದ. “ಏನ್ ಮಾತಾಡಿದೆ ಅಂತ ಗೊತ್ತಾ?”

“ನೀನು ಮದ್ದಿನ ಡ್ರಮ್ಮು ನನ್ನ ಕೈಲೇ ತೊಳೆಸ್ಲಿಲ್ವಾ, ಮೈದುನ? ಯಾರ್ಗೂ ಹೇಳ್ಬ್ಯಾಡ ಅಂದೆ. ಹೇಳ್ಲಿಲ್ಲ. ಆ ಹುಡುಗನ ನೊರೆ ಒರೆಸ್ದೋಳೂ ನಾನೇ. ಎರಡು ವಾರ ಅನ್ನ ತಿಂದೆ, ನಿದ್ದೆ ಮಾಡ್ದೆ. ಥೂ, ನನ್ನ ಬಾಯಿಗೆ! ಈಗ ಹೇಳ್ತೀನಿ. ಬೇಕಿದ್ರೆ ಇನ್ನೊಂದ್ ಸಲ ಪಟ ಹಿಡಿ. ಟವೆಲ್ ಬ್ಯಾಡ.”

ಬೀದಿಯಲ್ಲಿ ಒಂದೊಂದೇ ಕಿಟಕಿ ಮುಚ್ಚಿತು. ಶರವಣನ್ ಗಾಡಿಯನ್ನು ಹಿಂದಕ್ಕೆ ತಂದು, ಬಾಗಿಲಿಗೆ ಅಡ್ಡ ನಿಲ್ಲಿಸಿದ.

“ಒಳಗೆ ನಡಿ ಅತ್ತಿಗೆ,” ಎಂದ ಶಿವಬಾಲನ್, ಬಹಳ ಮರ್ಯಾದೆಯಿಂದ. “ಮಾತಾಡ್ಬೇಕು.”

ಮುದುಕಿ ಅಭಿರಾಮಿಯನ್ನು ಒಮ್ಮೆ ನೋಡಿದಳು. ತುಟಿ ಬಿಗಿದು, ಬಾಯಿ ಬಿಡಬೇಡ ಎಂಬಂತೆ. ಒಳಗೆ ಹೋದಳು. ಇಬ್ಬರು ಗಂಡಸರೂ ಹೋದರು. ಅಗುಳಿ ಬಿತ್ತು.

ಆಡಿದರೆ ಇವಳನ್ನು ಬಿಡಿಸುವ ಒಂದು ಹೆಸರು ಅಭಿರಾಮಿಯ ಬಾಯಲ್ಲಿತ್ತು. ಆ ಹೆಸರನ್ನು ಆಡುವಂತಿರಲಿಲ್ಲ. ಒಳಗಿನಿಂದ ಹಿತ್ತಾಳೆಯ ಏನೋ ಉರುಳಿದ ಸದ್ದು ಬಂತು. ಅವಳು ಗಾಡಿಯ ಅಡಿಯಿಂದ ನುಸುಳಿ, ಎರಡೂ ಕೈಯಿಂದ ಕದ ಬಡಿಯತೊಡಗಿದಳು.