ಟೇಪು ಹಿಡಿದವಳು

ಅಪ್ಪನ ಕಾಲ ಮುಗಿಯುತ್ತ ಬಂತೆಂದು ಡಾಕ್ಟರು ಹೇಳಿದ್ದು ಒಂದು ಸೋಮವಾರ ಬೆಳಿಗ್ಗೆ, ಆಸ್ಪತ್ರೆಯ ವರಾಂಡದಲ್ಲಿ ನಿಂತುಕೊಂಡೇ. ಎರಡು ತಿಂಗಳು, ಹೆಚ್ಚೆಂದರೆ ಮೂರು. ಮನೆಗೆ ಕರೆದುಕೊಂಡು ಹೋಗಿ, ಬೇಕಾದವರನ್ನೆಲ್ಲ ಕರೆಸಿಬಿಡಿ ಅಂದರು. ಬೇಕಾದವರು ಅಂತ ಇದ್ದದ್ದು ಒಬ್ಬನೇ, ನನ್ನ ತಮ್ಮ. ಅವನು ಆ ಮನೆಯ ಹೊಸಿಲು ತುಳಿದು ಹದಿನೆಂಟು ವರ್ಷವಾಗಿತ್ತು. ಅದಕ್ಕೆ ಕಾರಣ ನಾನು, ಮತ್ತು ಆ ಸಂಗತಿ ಗೊತ್ತಿದ್ದದ್ದು ನನಗೊಬ್ಬಳಿಗೇ.

ಮೊದಲಿನಿಂದ ಹೇಳಿಬಿಡುತ್ತೇನೆ. ಇಲ್ಲದಿದ್ದರೆ ನೀವೂ ಎಲ್ಲರ ಹಾಗೆ ಅಪ್ಪನನ್ನೇ ಬೈಯುತ್ತೀರಿ.

ಅಪ್ಪ ವಿಜ್ಞಾನಿ. ರಾಕೆಟ್ಟು ಹಾರಿಸುವ ವಿಜ್ಞಾನಿಯಲ್ಲ ಮತ್ತೆ. ಅಂಗಡಿಯ ತಕ್ಕಡಿ, ದರ್ಜಿಯ ಟೇಪು, ಪೆಟ್ರೋಲ್ ಬಂಕಿನ ಮೀಟರು, ಇವೆಲ್ಲ ಸರಿಯಾಗಿ ಅಳೆಯುತ್ತವೋ ಇಲ್ಲವೋ ಎಂದು ಪರೀಕ್ಷೆ ಮಾಡುವ ಪ್ರಯೋಗಾಲಯದಲ್ಲಿ ಇಪ್ಪತ್ತು ವರ್ಷ ದುಡಿದವನು. ಮನೆಯ ಗಡಿಯಾರ ಅರ್ಧ ನಿಮಿಷ ಹಿಂದೆ ಬಿದ್ದರೂ ಅವನಿಗೆ ಅನ್ನ ಸೇರುತ್ತಿರಲಿಲ್ಲ. ಅಂಥವನಿಗೆ ಗಾಲ್ಫಿನ ಹುಚ್ಚು ಹಿಡಿದದ್ದು ಪ್ರಯೋಗಾಲಯದ ಕಿಟಕಿಯಿಂದ. ಕಾಂಪೌಂಡಿನ ಆಚೆ ಗಾಲ್ಫ್ ಮೈದಾನ. ಮಧ್ಯಾಹ್ನ ಬುತ್ತಿ ಬಿಚ್ಚಿಕೊಂಡು ಆಡುವವರನ್ನು ನೋಡುತ್ತಿದ್ದ. ಸುಮ್ಮನೆ ನೋಡುವ ಜಾಯಮಾನ ಅವನದಲ್ಲ, ಎಣಿಸತೊಡಗಿದ.

ಎಣಿಸಿ ಎಣಿಸಿ ಅವನಿಗೆ ಒಂದು ವಿಷಯ ಹೊಳೆಯಿತು. ಎಲ್ಲರೂ ಬೆವರು ಸುರಿಸಿ ಕಲಿಯುವುದು ಚೆಂಡನ್ನು ದೂರ ಹೊಡೆಯುವುದನ್ನು. ಸೋಲುವುದು ಮಾತ್ರ ಚೆಂಡು ಬೀಳಬೇಕಾದ ಕುಳಿಯ ಬಾವುಟ ಇನ್ನೇನು ನೂರು ಹೆಜ್ಜೆ ಇದೆ ಅನ್ನುವಾಗ. ಆ ನೂರು ಹೆಜ್ಜೆಯ ಆಟವನ್ನು ಯಾರೂ ಯಾರಿಗೂ ಕಲಿಸುತ್ತಿರಲಿಲ್ಲ, ಅದು ಹುಟ್ಟಿನಿಂದ ಬರಬೇಕಾದ ಕೈಚಳಕ ಎಂದು ಕೈ ತೊಳೆದುಕೊಂಡಿದ್ದರು. ಅಪ್ಪ ಅದಕ್ಕೊಂದು ಲೆಕ್ಕ ಹಾಕಿದ. ಮೂರು ಕೋಲು. ಒಂದೊಂದನ್ನೂ ಹಿಂದಕ್ಕೆ ಎತ್ತಲು ಮೂರೇ ಮೂರು ಎತ್ತರ: ಮೊಣಕಾಲು, ಸೊಂಟ, ಭುಜ. ಬೀಸುವ ಲಯ ಯಾವಾಗಲೂ ಒಂದೇ. ಮೂರು ಮೂರಲಿ ಒಂಬತ್ತು ದೂರ, ಅವನ್ನು ಚೀಟಿಯಲ್ಲಿ ಬರೆದು ಚೀಲಕ್ಕೆ ಅಂಟಿಸಿಕೊಂಡರೆ ಆಯಿತು. ಕೇಳಿದವರು ನಕ್ಕರು. ಆಮೇಲೆ ಹಲ್ಲಿನ ಡಾಕ್ಟರೊಬ್ಬರು, ಚೆಂಡನ್ನು ಮರಳುಗುಂಡಿಗೆ ಬೀಳಿಸುವುದಕ್ಕೇ ಹೆಸರಾದವರು, ಆ ಚೀಟಿ ಅಂಟಿಸಿಕೊಂಡು ಕ್ಲಬ್ಬಿನ ಕಪ್ಪು ಗೆದ್ದುಬಿಟ್ಟರು. ನಕ್ಕವರೆಲ್ಲ ನಮ್ಮ ಬಾಗಿಲಲ್ಲಿ ಬಂದು ನಿಂತರು. ಅಪ್ಪ ನೌಕರಿ ಬಿಟ್ಟು ಕೋಚ್ ಆದ.

ಈಗ ತಮ್ಮನ ವಿಷಯ. ಅವನಿಗೆ ಹದಿಮೂರು ತುಂಬಿದ ವರ್ಷದಿಂದ ಪ್ರತಿ ಭಾನುವಾರ ಬೆಳಿಗ್ಗೆ ಅಭ್ಯಾಸ. ನಲವತ್ತು ಹೆಜ್ಜೆ ದೂರದಿಂದ ಮೂವತ್ತು ಚೆಂಡು. ಅಪ್ಪ ಅವನ ಪಕ್ಕದಲ್ಲಿ ಸ್ಟೂಲು ಹಾಕಿಕೊಂಡು ಮಣಿಕಟ್ಟನ್ನೇ ನೋಡುತ್ತಿದ್ದ, ಮಂಡಿಯ ಮೇಲೆ ಗೆರೆ ಹಾಕಿದ ನೋಟ್‌ಬುಕ್ಕು. ನಾನು ಬಾವುಟದ ಹತ್ತಿರ. ಚೆಂಡು ಬಿದ್ದಲ್ಲಿಂದ ಬಾವುಟಕ್ಕೆ ಟೇಪು ಹಿಡಿದು ಎಷ್ಟು ಅಡಿ, ಎಷ್ಟು ಇಂಚು ಎಂದು ಕೂಗಿ ಹೇಳಿ, ಚೆಂಡನ್ನು ಬಕೆಟ್ಟಿಗೆ ಹಾಕುವುದು ನನ್ನ ಕೆಲಸ. ಅಪ್ಪ ಕೂತಲ್ಲಿಂದ ನೋಡಿದರೆ ಐದಡಿಯೂ ಒಂದೇ, ಎಂಟಡಿಯೂ ಒಂದೇ. ಹಾಗಾಗಿ ನಾನು ಹೇಳಿದ್ದೇ ಲೆಕ್ಕ. ಅಪ್ಪ ತಿಂಗಳಿಗೊಮ್ಮೆ ಆ ಟೇಪನ್ನು ಹಳೆಯ ಆಫೀಸಿಗೆ ಒಯ್ದು ಉಕ್ಕಿನ ಪಟ್ಟಿಯ ಪಕ್ಕ ಇಟ್ಟು ನೋಡಿಕೊಂಡು ಬರುತ್ತಿದ್ದ, ಬಿಸಿಲಿಗೆ ಎಳೆದುಕೊಂಡಿದೆಯೋ ಏನೋ ಅಂತ. ಹಿಡಿದವಳನ್ನು ಮಾತ್ರ ಒಂದು ದಿನವೂ ಪರೀಕ್ಷಿಸಲಿಲ್ಲ.

ಅಪ್ಪ ಬೈಯುವ ಪೈಕಿ ಅಲ್ಲ. ಬೈದಿದ್ದರೆ ಚೆನ್ನಾಗಿತ್ತು. ಲೆಕ್ಕ ಕೆಟ್ಟ ದಿನ ನೋಟ್‌ಬುಕ್ಕು ಮುಚ್ಚಿ ಎದ್ದುಬಿಡುತ್ತಿದ್ದ, ಆಮೇಲೆ ಬುಧವಾರದವರೆಗೆ ಮನೆಯಲ್ಲಿ ಮಾತಿಲ್ಲ. ಅಮ್ಮ ತೀರಿಕೊಂಡಿದ್ದ ಮನೆ ಅದು, ಮೂರೇ ಜನ, ಅದರಲ್ಲಿ ಒಬ್ಬ ಮಾತು ಬಿಟ್ಟರೆ ಹೇಗಿರುತ್ತದೆ ಹೇಳಿ. ತಮ್ಮ ಶನಿವಾರ ಸಂಜೆಯೇ ಹೊಟ್ಟೆನೋವು ಅಂತ ಮುದುಡಿಕೊಳ್ಳುತ್ತಿದ್ದ. ಒಂದು ಭಾನುವಾರ ಎಂಟಡಿ ದೂರ ಬಿದ್ದ ಚೆಂಡಿಗೆ ನಾನು "ಐದು" ಅಂತ ಕೂಗಿದೆ. ಯೋಚನೆ ಮಾಡಿ ಹೇಳಿದ್ದಲ್ಲ, ಬಾಯಿಗೆ ಬಂತು. ಅಪ್ಪ ತಮ್ಮನ ಬೆನ್ನು ತಟ್ಟಿದ್ದು ದೂರದಿಂದ ಕಂಡಿತು. ಅವತ್ತು ಮನೆಗೆ ಬರುವಾಗ ತಮ್ಮ ದಾರಿಯುದ್ದಕ್ಕೂ ಶಿಳ್ಳೆ ಹೊಡೆದ.

ಆಮೇಲೆ ನಾನು ನಿಲ್ಲಿಸಲಿಲ್ಲ. ಆರಡಿ ದಾಟಿದ ಚೆಂಡಿಗೆ ಮೂರಡಿ ಮುರಿದುಕೊಳ್ಳುತ್ತಿದ್ದೆ. ಅನುಮಾನ ಬರಬಾರದು ನೋಡಿ, ಅಪರೂಪಕ್ಕೊಂದು ಕೆಟ್ಟದ್ದನ್ನು ಕೆಟ್ಟದ್ದು ಎಂದೇ ಹೇಳುತ್ತಿದ್ದೆ. ಎಂಟು ವರ್ಷ ಹೀಗೇ ನಡೆಯಿತು. ತಮ್ಮನಷ್ಟು ಹತ್ತಿರಕ್ಕೆ ಹೊಡೆಯುವವರು ಯಾರೂ ಇಲ್ಲ ಎಂದು ಅಪ್ಪ ನಂಬಿದ, ತಮ್ಮ ನಂಬಿದ. ನಿಜ ಹೇಳಬೇಕೆಂದರೆ ಕೊನೆಕೊನೆಗೆ ನಾನೂ ಅರ್ಧ ನಂಬಿದ್ದೆ.

ಪಂದ್ಯಗಳಲ್ಲಿ ನನ್ನ ಆಟ ನಡೆಯಲಿಲ್ಲ. ಅಲ್ಲಿ ಒಳಗೆ ಬಿಡುವುದಿಲ್ಲವಾದ್ದರಿಂದ ಅಪ್ಪ ಹಗ್ಗದ ಆಚೆ ನಿಂತು, ಪ್ರಯೋಗಾಲಯದಿಂದ ಕೇಳಿ ತಂದ ದೂರಮಾಪಕದಲ್ಲಿ ತಾನೇ ಅಳೆಯುತ್ತಿದ್ದ. ಅಭ್ಯಾಸದಲ್ಲಿ ಐದಡಿ, ಪಂದ್ಯದಲ್ಲಿ ಎಂಟಡಿ. ತಮ್ಮ ಮೂರು ವರ್ಷ ತಂಡದ ಆಯ್ಕೆ ಪಂದ್ಯಕ್ಕೆ ಹೋದ, ಮೂರು ವರ್ಷವೂ ಸೋತು ಬಂದ. ಮೂರನೆಯ ಸಲ ಊಟಕ್ಕೆ ಕೂತಾಗ ಅಪ್ಪ ತಟ್ಟೆ ನೋಡಿಕೊಂಡೇ ಅಂದ, "ನಿನ್ನ ಕೈಯಲ್ಲಿ ಏನೂ ತಪ್ಪಿಲ್ಲ. ಗುಂಡಿಗೆಯಲ್ಲಿದೆ." ತಮ್ಮ ಕೈ ತೊಳೆದುಕೊಂಡು ಎದ್ದುಹೋದ. ಆ ವಾರವೇ ಮನೆ ಬಿಟ್ಟ. ಆ ಊಟಕ್ಕೆ ನಾನೂ ಕೂತಿದ್ದೆ. ಬಾಯಿ ಬಿಡಬೇಕಾದ ಹೊತ್ತು ಅದೇ ಆಗಿತ್ತು.

ಎರಡು ವರ್ಷಕ್ಕೆ ಅಪ್ಪನ ಪುಸ್ತಕ ಬಂತು. ಮೊದಲ ಭಾಗ ಒಂಬತ್ತು ದೂರದ ಪಾಠ. ಎರಡನೆಯ ಭಾಗ ಅಭ್ಯಾಸದಲ್ಲಿ ಗೆದ್ದವನು ಪಂದ್ಯದಲ್ಲಿ ಯಾಕೆ ಸೋಲುತ್ತಾನೆ ಎನ್ನುವುದು. ಅದಕ್ಕೆ 'ಗುಂಡಿಗೆ ಅಂತರ' ಅಂತ ಹೆಸರಿಟ್ಟಿದ್ದ. ಬೇರೆ ಆಟಗಾರರನ್ನೂ ಅಳೆದಿದ್ದ, ಅವರಲ್ಲೂ ಚೂರುಪಾರು ಅಂತರ ಇತ್ತು, ಅವನು ಹೇಳಿಕೊಟ್ಟ ಉಸಿರಿನ ಅಭ್ಯಾಸದಿಂದ ಎಷ್ಟೋ ಜನಕ್ಕೆ ಒಳ್ಳೆಯದೂ ಆಯಿತು. ಆದರೆ ಅಭ್ಯಾಸಕ್ಕೊಂದು ಗೆರೆ, ಪಂದ್ಯಕ್ಕೊಂದು ಗೆರೆ ಎಳೆದ ಎಲ್ಲಕ್ಕಿಂತ ಮೊದಲ ನಕ್ಷೆ, ಎಲ್ಲಕ್ಕಿಂತ ದೊಡ್ಡ ಅಂತರ, 'ಆಟಗಾರ ಒಂದು'. ಹೆಸರು ಹಾಕಿರಲಿಲ್ಲ. ಹಾಕಿದ್ದರೆ ತಾನೇ ಗೊತ್ತಾಗಬೇಕು? ಕ್ಲಬ್ಬಿನ ಮಾಲಿಗೂ ಗೊತ್ತಿತ್ತು ಅದು ಯಾರು ಅಂತ.

ಆಸ್ಪತ್ರೆಯಿಂದ ಅಪ್ಪ ಮನೆಗೆ ಬಂದ ಮರುದಿನ ನಾನು ತಮ್ಮನಿಗೆ ಫೋನು ಮಾಡಿದೆ. "ಗುಂಡಿಗೆ ಇಲ್ಲದವನು ಬಂದು ಏನು ಮಾಡಲಿ ಅಕ್ಕ?" ಅಂದ. ಕೋಪದಿಂದ ಅಲ್ಲ, ಹಳೆಯ ಗಾಯ ತೋರಿಸುವವರ ಹಾಗೆ ಅಂದ. ಫೋನು ಇಟ್ಟವಳೇ ಅಪ್ಪನ ಮಂಚದ ಹತ್ತಿರ ಹೋಗಿ ಕೂತು ಹೇಳಿಬಿಟ್ಟೆ.

ಅಪ್ಪ, "ನೋಟ್‌ಬುಕ್ಕು ತಗೊಂಡು ಬಾ" ಅಂದ.

ಹದಿನಾಲ್ಕು ನೋಟ್‌ಬುಕ್ಕು ಕಪಾಟಿನಿಂದ ಇಳಿಸಿದೆ. ಕನ್ನಡಕ ಹಾಕಿಕೊಂಡು ಮೊದಲನೆಯದನ್ನು ತೆರೆದ. ಒಂದು ಪುಟದ ಮೇಲೆ ಬೆರಳು ಆಡಿಸಿ ನಿಲ್ಲಿಸಿದ.

"ನಿಜ ಹೇಳುವಾಗ ಇಂಚು ಹೇಳ್ತಿದ್ದೆ ನೀನು."

ನನಗೆ ಅರ್ಥವಾಗಲಿಲ್ಲ. ಅವನೇ ತೋರಿಸಿದ. ನಾಲ್ಕಡಿ ಏಳಿಂಚು. ಎರಡಡಿ ಒಂಬತ್ತಿಂಚು. ಅವುಗಳ ನಡುವೆ ಬರೀ ಐದು, ಬರೀ ನಾಲ್ಕು, ಬರೀ ಐದು. ಸುಳ್ಳು ಕಟ್ಟುವ ಅವಸರದಲ್ಲಿ ನಾನು ಯಾವತ್ತೂ ಇಂಚು ಸೇರಿಸಿರಲಿಲ್ಲ. ನನಗೇ ಗೊತ್ತಿರಲಿಲ್ಲ ಅದು.

"ಇಂಥ ಪಟ್ಟಿಯನ್ನ ಆಫೀಸಲ್ಲಿ ಯಾರಾದ್ರೂ ತಂದಿಟ್ಟಿದ್ರೆ ಓದದೇ ವಾಪಸು ಕಳಿಸ್ತಿದ್ದೆ," ಅಂದ ಅಪ್ಪ. "ಎಂಟು ವರ್ಷ ನನ್ನ ಕೈಯಾರೆ ಬರ್ಕೊಂಡಿದೀನಿ. ಕಾಣ್ಲಿಲ್ಲ. ಕಾಣೋದು ಬೇಡವಾಗಿತ್ತು ಅಂತ ಕಾಣುತ್ತೆ."

ನನ್ನನ್ನು ಒಂದು ಮಾತು ಬೈಯಲಿಲ್ಲ. ಬೈಯಪ್ಪಾ, ಎರಡು ಏಟಾದರೂ ಹಾಕು ಅಂತ ಒಳಗೊಳಗೇ ಬೇಡಿಕೊಂಡೆ. ಒಂಬತ್ತು ದಿನ ದಿಂಬಿಗೆ ಒರಗಿ ಕೂತು, ಇಂಚಿಲ್ಲದ ಪ್ರತಿ ಅಂಕಿಗೆ ಮೂರು ಸೇರಿಸಿ, ಪೆನ್ಸಿಲಿನಲ್ಲಿ ತಿದ್ದಿದ. ನಾನು ಪಕ್ಕ ಕೂತು ಅಂಕಿ ಓದಿಕೊಡುತ್ತಿದ್ದೆ. ಹತ್ತನೆಯ ದಿನ ಹೊಸ ನಕ್ಷೆ ಬರೆದ. ಅಭ್ಯಾಸದ ಗೆರೆಯೂ ಪಂದ್ಯದ ಗೆರೆಯೂ ಒಂದರ ಮೇಲೊಂದು ಕೂತಿದ್ದವು.

"ನೋಡು," ಅಂದ, ಮತ್ತು ಅಪ್ಪ ಅಳುವುದನ್ನು ನಾನು ಕಂಡದ್ದು ಅದೇ ಮೊದಲು. "ನನ್ನ ಮಗ ಯಾವತ್ತೂ ಹೆದರಿರಲಿಲ್ಲ ಕಣೇ. ಒಂದು ದಿನವೂ ಇಲ್ಲ." ಪ್ರೆಸ್ಸಿನವರಿಗೆ ತಾನೇ ಪತ್ರ ಬರೆದ: ಮೊದಲ ನಕ್ಷೆ ತಪ್ಪು, ಮುಂದಿನ ಮುದ್ರಣದಲ್ಲಿ ಇದನ್ನು ಹಾಕಿ, ಕಾರಣವನ್ನೂ ಹಾಕಿ. ಲಕೋಟೆ ನನ್ನ ಕೈಗೆ ಕೊಟ್ಟ. ನಕ್ಷೆಯ ಇನ್ನೊಂದು ಪ್ರತಿ ತಮ್ಮನಿಗೆ.

ತಮ್ಮ ಲಿಫ್ಟು ರಿಪೇರಿ ಮಾಡುವವನು. ಮರುದಿನ ಅವನಿದ್ದದ್ದು ಒಂದು ಕಚೇರಿ ಕಟ್ಟಡದ ತಾರಸಿಯ ಮೇಲೆ, ಲಿಫ್ಟಿನ ಮೋಟಾರು ಇರುವ ಸಣ್ಣ ಕೋಣೆಯಲ್ಲಿ. ಕಬ್ಬಿಣದ ಹಗ್ಗಕ್ಕೆ ಗ್ರೀಸು ಹಚ್ಚುತ್ತಿದ್ದ. ನನ್ನನ್ನು ನೋಡಿ ಒಂದು ಡಬ್ಬಿ ಬೋರಲು ಹಾಕಿ, "ಕೂತ್ಕೋ, ಸೀರೆ ಜೋಪಾನ" ಅಂದ. ನಾನು ಕೂರಲಿಲ್ಲ. ನಿಂತೇ ಎಲ್ಲ ಹೇಳಿ ನಕ್ಷೆ ಕೊಟ್ಟೆ. ಅಪ್ಪನ ಮನೆಯಲ್ಲಿ ಬೆಳೆದವನಿಗೆ ನಕ್ಷೆ ಓದುವುದನ್ನು ಹೇಳಿಕೊಡಬೇಕೇ. ಬಟ್ಟೆಯಲ್ಲಿ ಕೈ ಒರೆಸಿಕೊಂಡು ಬಾಗಿಲ ಬೆಳಕಿಗೆ ಹಿಡಿದು ನೋಡಿದ. ಹದಿನೆಂಟು ವರ್ಷದ ಭಾರ ಇಳಿಯುವ ಮುಖ ನೋಡಬೇಕು ಅಂತ ನಾನು ಅವನನ್ನೇ ನೋಡುತ್ತಿದ್ದೆ. ಆಸೆಬುರುಕಿ ನಾನು.

"ಅಂದ್ರೆ ನಾನು ಎಂಟಡಿಯವನು," ಅಂದ.

"ಹೆದರಿರಲಿಲ್ಲ ಅಂತ ಕಣೋ. ಅಪ್ಪನೇ ಹೇಳಿದಾನೆ, ಬರೆದೂ ಕೊಟ್ಟಿದಾನೆ."

"ಎಂಟಡಿ ಅಂದ್ರೆ ಕ್ಲಬ್ಬಲ್ಲಿ ಯಾರು ಬೇಕಾದ್ರೂ ಹೊಡೀತಾರೆ ಅಕ್ಕ."

ಎಂಟು ವರ್ಷ ಟೇಪು ಹಿಡಿದವಳು, ಹತ್ತು ದಿನ ಅಪ್ಪನ ಪಕ್ಕ ಕೂತು ಅಂಕಿ ಓದಿಕೊಟ್ಟವಳು, ಇದನ್ನು ಯೋಚಿಸಿಯೇ ಇರಲಿಲ್ಲ.

ಅವನು ಮೆಲ್ಲಗೆ ಮಾತಾಡಿದ. "ಹೆದರುಪುಕ್ಕಲ ಅನ್ನೋದು ನನಗೆ ಒಗ್ಗಿಹೋಗಿತ್ತು. ನನ್ನ ಮಗಳಿಗೆ ಹೇಳ್ತಿರ್ತೀನಿ, ನಿಮ್ಮಪ್ಪನ ಕೈ ಹೇಗಿತ್ತು ಗೊತ್ತಾ, ಗುಂಡಿಗೆ ಒಂದು ಕೈಕೊಡ್ತು ಅಂತ. ಈ ಕೋಣೇಲಿ ಒಬ್ಬನೇ ಇರುವಾಗ ಕೈ ನೋಡ್ಕೋತಿದ್ದೆ. ಅದೊಂದು ಇತ್ತು ಅಕ್ಕ ನನಗೆ." ಕಾಗದವನ್ನು ಮಡಚಿ ಜೇಬಿಗಿಟ್ಟುಕೊಂಡ. "ಅವತ್ತು ನನ್ನ ಮೇಲಿನ ಪ್ರೀತಿಗೆ ಸುಳ್ಳು ಹೇಳಿದೆ, ಸರಿ. ಇವತ್ತು ಯಾರಿಗೋಸ್ಕರ ನಿಜ ಹೇಳಿದೆ?"

ಅವನು ಬೋರಲು ಹಾಕಿದ್ದ ಡಬ್ಬಿಯನ್ನು ನೆಟ್ಟಗೆ ಮಾಡಿಟ್ಟು ನಾನು ಮೆಟ್ಟಿಲಿಳಿದೆ.

ಆದರೂ ಅವನು ಬಂದ. ಸಂಜೆ ಐದಕ್ಕೆ, ಕೆಲಸದ ಬಟ್ಟೆಯಲ್ಲೇ. ಅಪ್ಪ ಅವನ ಎರಡೂ ಕೈ ಹಿಡಿದುಕೊಂಡು, "ನೀನು ಹೆದರಿರಲಿಲ್ಲ. ತಪ್ಪು ನಂದು, ಹೊಟ್ಟೆಗೆ ಹಾಕ್ಕೋ" ಅಂದ. ತಮ್ಮ ನನ್ನ ಕಡೆ ನೋಡಲಿಲ್ಲ. "ನನಗೀಗ ನಿರಾಳ ಆಯ್ತಪ್ಪ," ಅಂದ. ಅಷ್ಟು ಚೆನ್ನಾಗಿ ಹೇಳಿದ ಅಂದರೆ, ಗೊತ್ತಿಲ್ಲದವರು ನಂಬಿಬಿಡಬೇಕು. ಅಪ್ಪ ನಂಬಿದ.

ಹೊರಡುವಾಗ ಮೆಟ್ಟಿಲ ಹತ್ತಿರ ನಿಂತು ಕೇಳಿದ, "ಪ್ರೆಸ್ಸಿಗೆ ಬರೆದದ್ದು ಕಳಿಸಿಬಿಟ್ಯಾ?"

"ಇಲ್ಲ, ನಾಳೆ ಹಾಕ್ತೀನಿ."

"ಕಳಿಸ್ಬೇಡ. ಅಷ್ಟು ಮಾಡು ಸಾಕು. ನನ್ನ ಮಗಳು ಆ ಪುಸ್ತಕ ಓದ್ತಾಳೆ."

ಅಪ್ಪ ಇನ್ನೂ ಏಳು ವಾರ ಬದುಕಿದ. ತಮ್ಮ ದಿನವೂ ಬಂದು ಮುಖ ಒರೆಸಿದ, ಗಡ್ಡ ಹೆರೆದ, ಪಕ್ಕ ಹೊರಳಿಸಿದ. ಇಬ್ಬರೂ ಹಳೆಯ ಪಂದ್ಯಗಳ ಮಾತಾಡಿಕೊಂಡು ನಗುತ್ತಿದ್ದರು ಕೂಡ. ಮಾತಿನ ನಡುವೆ ಅಪ್ಪ ನನ್ನ ಕಡೆ ತಿರುಗಿ, ಪ್ರೆಸ್ಸಿನವರ ಉತ್ತರ ಬಂತಾ ಅಂತ ಕೇಳುತ್ತಿದ್ದ. ಬಂತಪ್ಪ, ಅಚ್ಚಿಗೆ ಹೋಗಿದೆಯಂತೆ, ಅನ್ನುತ್ತಿದ್ದೆ. ಒಂದು ದಿನ, ಯಾವಾಗ ಹೊರಗೆ ಬರುತ್ತಂತೆ ಅಂದ. ಮುಂದಿನ ತಿಂಗಳು ಹದಿನೇಳಕ್ಕೆ ಅಂದೆ. ಈ ಸಲ ತಾರೀಖಿನ ಸಮೇತ ಹೇಳಿದೆ. ತಮ್ಮ ತಲೆ ತಗ್ಗಿಸಿಕೊಂಡು ಅಪ್ಪನ ಉಗುರು ಕತ್ತರಿಸುತ್ತಿದ್ದ.

ಅಪ್ಪ ಹೋದದ್ದು ಆ ಹದಿನೇಳಕ್ಕೆ ಐದು ದಿನ ಮೊದಲು, ಮಧ್ಯಾಹ್ನ, ಮಗನ ಕೈಯಲ್ಲಿ ಕೈಯಿಟ್ಟುಕೊಂಡು. ಹೊಸ ಮುದ್ರಣ ಬಂದಿದೆ. ಮೊದಲ ನಕ್ಷೆ ಮೊದಲಿನಂತೆಯೇ ಇದೆ, ಅದರಲ್ಲಿ ನನ್ನ ತಮ್ಮನ ಕೈ ಎಲ್ಲರಿಗಿಂತ ಚೆನ್ನಾಗಿದೆ, ಗುಂಡಿಗೆ ಇಲ್ಲ. ಅವನಿಗೊಂದು ಪ್ರತಿ ಕಳಿಸಿದೆ. ತಲುಪಿತು ಅಂತ ಅವನ ಹೆಂಡತಿ ಫೋನು ಮಾಡಿ ಹೇಳಿದಳು.