ತೆಳುವಾಗಲೊಲ್ಲದ ಬಣ್ಣ

ಅಕ್ಕ ತಮ್ಮ ಇಬ್ಬರೇ ನಡೆಸುತ್ತಿದ್ದ ಆ ಚರ್ಮದ ಅಂಗಡಿಯಲ್ಲಿ ಬಣ್ಣ ತೆಳು ಮಾಡುವ ಕೆಲಸ ತೊಟ್ಟಪ್ಪನದು. ಹುಟ್ಟಿದಾಗ ಇಟ್ಟ ಹೆಸರು ಬೇರೆಯೇ ಇತ್ತು. ಗಾಜಿನ ಬಾಟಲಿಗೆ ಸ್ಪಿರಿಟ್ ಸುರಿದುಕೊಂಡು, ಅದಕ್ಕೆ ಕಡುಗಂದು ಬಣ್ಣವನ್ನು ಒಂದೊಂದೇ ತೊಟ್ಟು ಬಿಡುತ್ತಾ, ತೊಟ್ಟಿಗೊಂದು ಸಲ ಉಸಿರು ಬಿಗಿಹಿಡಿಯುವ ಇವನನ್ನು ನೋಡಿ ಅಕ್ಕ ಇಟ್ಟ ಅಡ್ಡಹೆಸರೇ ಗಟ್ಟಿಯಾಗಿ ನಿಂತಿತು. ತಲೆ ನರೆತರೂ ಇವನು ತೊಟ್ಟಪ್ಪನೇ. ಅಕ್ಕನೋ, ಬಾಟಲಿ ಬಗ್ಗಿಸಿ ಸುರಿದಳೆಂದರೆ ಮುಗಿಯಿತು. ಎದುರಿಗೆ ಮಾದರಿ ಇಟ್ಟುಕೊಳ್ಳುವ ಅಭ್ಯಾಸವೂ ಅವಳಿಗಿಲ್ಲ. ಒಮ್ಮೆ ನೋಡಿದ ಬಣ್ಣ ತಲೆಯಲ್ಲಿ ಕೂತಿರುತ್ತದೆ ಎನ್ನುತ್ತಿದ್ದಳು. ತೊಟ್ಟಪ್ಪನಿಗೆ ಕೆಲಸ ಕಲಿಸಿದವಳೂ ಅವಳೇ, ಅವನಿಗೆ ಹೊಟ್ಟೆಯುರಿ ಬರಿಸುತ್ತಿದ್ದವಳೂ ಅವಳೇ.

ಈ ಸಲ ಬಂದದ್ದು ಒಂದು ಹಳೆಯ ಚೀಲ. ಬಸ್ಸಿನಲ್ಲಿ ಟಿಕೆಟ್ ಕೊಡುತ್ತಿದ್ದ ಕಂಡಕ್ಟರ್ ತಾತನದು. ತಾತ ಕೆಲಸ ಬಿಟ್ಟು ಎಷ್ಟೋ ಕಾಲವಾಗಿತ್ತು, ಚೀಲವನ್ನು ಮಾತ್ರ ಬಿಟ್ಟಿರಲಿಲ್ಲ. ಅದರ ಮುಚ್ಚಳ ಹರಿದು ಜೋತಾಡುತ್ತಿತ್ತು. ಅಕ್ಕ ಬಣ್ಣ ಹಾಕದ, ಹದ ಮಾಡಿದ ಚರ್ಮದಲ್ಲಿ ಹೊಸ ಮುಚ್ಚಳ ಕತ್ತರಿಸಿ ಕೊಟ್ಟಳು. ಅದಕ್ಕೆ ಚೀಲದ ಜೇನುಬಣ್ಣ ಬರಿಸುವುದು ತೊಟ್ಟಪ್ಪನ ತಲೆಗೆ ಬಿತ್ತು.

"ಮುಚ್ಚಳ ಬೇರೆ ಚೀಲ ಬೇರೆ ಅಂತ ಕಾಣಬಾರದು ನೋಡಪ್ಪಾ," ಅಂದಿದ್ದರು ತಾತ. "ಶನಿವಾರ ಬಂದು ನಿಂತುಬಿಡ್ತೀನಿ."

ತೊಟ್ಟಪ್ಪ ಅದೇ ಚರ್ಮದ ಚೂರುಗಳನ್ನು ಆಯ್ದುಕೊಂಡು ಕೂತ. ಬಣ್ಣ ಹಚ್ಚಿದಾಗ ಚೂರು ಕಪ್ಪಗೆ ಕಂಡು ಹೆದರಿಸುತ್ತದೆ, ಒಣಗಿದ ಮೇಲೆ ತನ್ನ ನಿಜವಾದ ಬಣ್ಣಕ್ಕೆ ಇಳಿಯುತ್ತದೆ. ಹಾಗಾಗಿ ಹಚ್ಚುವುದು, ಕಾಯುವುದು, ಚೀಲದ ಪಕ್ಕ ಹಿಡಿಯುವುದು, ಮತ್ತೆ ಒಂದಿಷ್ಟು ಸ್ಪಿರಿಟ್ ಬೆರೆಸುವುದು. ಸಂಜೆಯ ಹೊತ್ತಿಗೆ ಬಣ್ಣ ಕೂತಿತು. ಅವನು ಬಾಟಲಿಯ ಮುಚ್ಚಳ ಬಿಗಿದು, ಅದನ್ನು ಮಗುವಿನಂತೆ ಎತ್ತಿ ಕಪಾಟಿನಲ್ಲಿಟ್ಟ.

ಮಾರನೆಯ ದಿನ ಮಧ್ಯಾಹ್ನ ಊಟ ಮುಗಿಸಿ ಬಂದು, ಚೀಲದ ಮುಚ್ಚಳಕ್ಕೆ ಹಚ್ಚುವ ಮೊದಲು ಎಂದಿನಂತೆ ಒಂದು ಚೂರಿನ ಮೇಲೆ ಪರೀಕ್ಷೆ ಮಾಡಿದ. ಒಣಗಿತು. ಜೇನುಬಣ್ಣವಲ್ಲ, ಸುಟ್ಟ ಬೆಲ್ಲದ ಬಣ್ಣ ಬಂದಿತ್ತು.

ಬಾಟಲಿಯ ಬಾಯಿ ಸಡಿಲವಿದ್ದು ಸ್ಪಿರಿಟ್ ಆವಿಯಾಗಿರಬೇಕು ಅಂದುಕೊಂಡು ಹೊಸ ಬಾಟಲಿ ತಂದ. ಮತ್ತೆ ತೆಳು ಮಾಡಿದ, ಬಣ್ಣ ಸರಿಹೋಯಿತು. ಮರುದಿನ ಊಟ ಮುಗಿಸಿ ಬರುವಷ್ಟರಲ್ಲಿ ಮತ್ತೆ ಗಾಢ. ಚೂರು ಹೊಟ್ಟೆಭಾಗದ ಚರ್ಮದ್ದಿರಬೇಕು, ಅದು ಬಣ್ಣ ಜಾಸ್ತಿ ಕುಡಿಯುತ್ತದೆ ಅಂದುಕೊಂಡು ಬೆನ್ನಭಾಗದ ಚೂರು ತೆಗೆದ. ಅದೂ ಗಾಢ. ಕಿಟಕಿಯ ಬೆಳಕಿಗೆ ಹಿಡಿದ, ಬೀದಿಗೆ ಹೋಗಿ ಬಿಸಿಲಿಗೆ ಹಿಡಿದ. ಅವನಿಗೆ ತಲೆಬುಡ ತಿಳಿಯಲಿಲ್ಲ. ತೆಳು ಮಾಡಿದಷ್ಟೂ ದಟ್ಟವಾಗುವ ಬಣ್ಣವನ್ನು ಅವನು ಜನ್ಮದಲ್ಲಿ ಕಂಡಿರಲಿಲ್ಲ.

ಆಗ ಮನಸ್ಸಿಗೆ ಬೇಡದ ಯೋಚನೆ ಬಂತು. ಕೆಟ್ಟಿರುವುದು ಬಣ್ಣವಲ್ಲ, ತನ್ನ ಕಣ್ಣು.

ಅಪ್ಪನಿಗೂ ಹೀಗೇ ಆಗಿತ್ತು. ಸುಮಾರು ಇದೇ ವಯಸ್ಸಿನಲ್ಲಿ ಅಪ್ಪ ಒಬ್ಬರ ಬೂಟಿಗೆ ಬಣ್ಣ ಹಚ್ಚಿ, ಎಡಗಾಲಿನದು ಒಂದು ಬಣ್ಣ ಬಲಗಾಲಿನದು ಇನ್ನೊಂದು ಬಣ್ಣ ಮಾಡಿ ಕಳಿಸಿದ್ದರು. ಬೀದಿಗೆ ಬೀದಿಯೇ ನಕ್ಕಿತ್ತು. ಅಕ್ಕ ನಗಲಿಲ್ಲ. ಒಂದು ಬೆಳಗ್ಗೆ ಅಪ್ಪನ ಕೈಯಿಂದ ಬ್ರಷ್ ತೆಗೆದುಕೊಂಡು, ಗೋಡೆಯಲ್ಲಿ ತನ್ನ ಬ್ರಷ್ ತೂಗುವ ಮೊಳೆಗೆ ನೇತುಹಾಕಿದಳು, ಅಷ್ಟೇ. ಅಪ್ಪ ಆಮೇಲೆಯೂ ದಿನಾ ಅಂಗಡಿಗೆ ಬಂದು ಸ್ಟೂಲಿನ ಮೇಲೆ ಕೂರುತ್ತಿದ್ದರು, ಖಾಲಿ ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು. ಆ ಕೈಗಳು ನೆನಪಾಗಿ ತೊಟ್ಟಪ್ಪ ತನ್ನ ಬ್ರಷ್ಷನ್ನು ಎತ್ತಿಕೊಂಡ. ಬ್ರಷ್ ಇಲ್ಲದೆ ತಾನು ಏನು? ಏನೂ ಅಲ್ಲ. ಅಕ್ಕನಿಗೆ ಮಾತ್ರ ಗೊತ್ತಾಗಬಾರದು.

ಮನೆಯಲ್ಲಿ ಕಣ್ಣಿನ ಪರೀಕ್ಷೆ ಶುರುವಾಯಿತು.

"ಈ ಪರದೆ ಯಾವ ಬಣ್ಣ?" ಅಂತ ಹೆಂಡತಿಯನ್ನು ಕೇಳಿದ.

"ಹಸಿರು. ಯಾಕೆ? ಬದಲಾಯಿಸೋಣ ಅಂತ ನಾನು ಬಡಕೊಂಡಾಗ ಕಿವಿ ಕೇಳಿಸಲಿಲ್ಲ ನಿಮಗೆ."

"ಪೂರ್ತಿ ಹಸಿರಾ? ಸ್ವಲ್ಪ ಹಳದಿ ಇಲ್ವಾ?"

"ಕೊಳೆ ಇದೆ. ಅದನ್ನ ಹಳದಿ ಅನ್ನೋದಾದ್ರೆ ಅನ್ನಿ."

ಪಾಪ, ಮದುವೆಯಾದ ಮೇಲೆ ಮೊದಲ ಸಲ ಗಂಡ ಪರದೆಯ ಕಡೆ ತಿರುಗಿ ನೋಡಿದ ಖುಷಿಯಲ್ಲಿ ಅವಳು ಹೊಸ ಬಟ್ಟೆ ಆರಿಸುವ ಯೋಚನೆಗೆ ಬಿದ್ದಳು. ಇವನೋ ಒಂದು ಕಣ್ಣು ಮುಚ್ಚಿ ನೋಡಿದ, ಇನ್ನೊಂದು ಮುಚ್ಚಿ ನೋಡಿದ. ಹಸಿರೇ ಕಾಣಿಸಿತು. ಕೆಟ್ಟ ಕಣ್ಣಿಗೂ ಹೀಗೇ ಕಾಣುತ್ತದೋ ಏನೋ, ಯಾರನ್ನು ಕೇಳುವುದು?

ಶನಿವಾರ ಬೆಳಗ್ಗೆ ಮತ್ತೆ ಬಣ್ಣ ಕೂಡಿಸಿ, ಒಂದು ಚೂರಿಗೆ ಹಚ್ಚಿ ಜೇಬಿನಲ್ಲಿಟ್ಟುಕೊಂಡು ಊಟಕ್ಕೆ ಹೊರಟ. ದಾರಿಯಲ್ಲಿ ತೆಗೆದು ನೋಡಿದ. ಜೇನಿನಂತೆಯೇ ಇತ್ತು. ಹಾಗಾದರೆ ಬಾಟಲಿಯಲ್ಲಿರುವುದು ಈಗ ಹೇಗಿದೆ ನೋಡಿಬಿಡೋಣ ಎಂದು ಅರ್ಧ ದಾರಿಯಿಂದಲೇ ಹಿಂತಿರುಗಿದ.

ಅಂಗಡಿಯಲ್ಲಿ ಅಕ್ಕ ಕಿಟಕಿಯ ಬಳಿ ನಿಂತಿದ್ದಳು. ಕೈಯಲ್ಲಿ ಅವನ ಬಾಟಲಿ. ಅದಕ್ಕೆ ಕಡುಗಂದು ಬಣ್ಣ ಸುರಿಯುತ್ತಿದ್ದಳು, ಧಾರಾಳವಾಗಿ. ಪಕ್ಕದಲ್ಲಿ ಅವಳು ಹಚ್ಚಿದ ಚೂರೊಂದು ಆಗಲೇ ಒಣಗಿತ್ತು.

"ಏನಕ್ಕಾ ಮಾಡ್ತಾ ಇದ್ದೀಯ?"

ಅಕ್ಕ ಬೆಚ್ಚಿದಳು. ಬಾಟಲಿ ಕೆಳಗಿಟ್ಟು, ಕದ್ದು ಸಿಕ್ಕಿಬಿದ್ದವಳಂತೆ ಏಪ್ರನ್ನಿಗೆ ಕೈ ಒರೆಸಿಕೊಂಡಳು.

"ದಿನಾ ಇದೇ ಮಾಡ್ತಿದ್ದೀಯಾ?"

"ಇನ್ನೇನು ಮಾಡಲೋ? ಬಣ್ಣ ದಿನದಿನಕ್ಕೂ ಸಪ್ಪೆ ಮಾಡ್ತಿದ್ದೀಯ. ಬಾಟಲೀನ ಬೆಳಕಿಗೆ ಹಿಡಿದ್ರೆ ನೀರು ನೀರು. ಹೇಳೋಣ ಅಂದ್ರೆ ಬಾಯಿ ಬರಲಿಲ್ಲ." ಅವಳು ಬಾಟಲಿಯನ್ನು ಪಕ್ಕಕ್ಕೆ ಸರಿಸಿದಳು. "ತಮ್ಮಾ, ನಿನ್ನ ಕಣ್ಣು ಅಪ್ಪನ ಕಣ್ಣಿನ ಥರ ಆಗ್ತಿದೆ ಕಣೋ. ಅವರಿಗೆ ಮಾಡಿದ್ದನ್ನ ನಿನಗೂ ಮಾಡೋಕೆ ನನ್ನ ಕೈಲಿ ಆಗಲ್ಲ. ಅದಕ್ಕೇ ಹಿಂದಿನಿಂದ ಸರಿ ಮಾಡಿಡ್ತಿದ್ದೆ."

ಬಣ್ಣ ಗಾಢವಾಗುತ್ತಿದ್ದದ್ದು ನಿಜ ಅಂತ ಗೊತ್ತಾದದ್ದಕ್ಕೆ ಸಂತೋಷಪಡಬೇಕೋ, ಅಕ್ಕನ ಮಾತಿಗೆ ಹೆದರಬೇಕೋ ತೊಟ್ಟಪ್ಪನಿಗೆ ತೋಚಲಿಲ್ಲ. ಅವಳು ಬಣ್ಣದಲ್ಲಿ ತಪ್ಪಿದವಳಲ್ಲ. ಅವಳು ಸಪ್ಪೆ ಅಂದರೆ ಸಪ್ಪೆಯೇ ಇರಬೇಕು. ಜೇಬಿನಿಂದ ತನ್ನ ಚೂರು ತೆಗೆದು ಮೇಜಿನ ಮೇಲಿಟ್ಟ. ಅದೀಗ ಅವನಿಗೂ ಸಪ್ಪೆಯಾಗಿ ಕಾಣತೊಡಗಿತು.

ಅಷ್ಟರಲ್ಲಿ ಕಂಡಕ್ಟರ್ ತಾತ ಹೇಳಿದಂತೆಯೇ ಬಂದು ನಿಂತರು. ಅಕ್ಕ ಚೀಲವನ್ನು ಕಪಾಟಿನಿಂದ ಇಳಿಸಿ, ತಾನು ಹಚ್ಚಿದ ಚೂರನ್ನು ಅದರ ಮೇಲಿಟ್ಟಳು.

"ನೋಡಿ ತಾತ, ಹೇಗೆ ಕೂತಿದೆ. ಎಲ್ಲಿ ಚೀಲ, ಎಲ್ಲಿ ಚೂರು ಗೊತ್ತೇ ಆಗಲ್ಲ."

ತಾತ ತಮಾಷೆಯಿರಬೇಕೆಂದು ನಕ್ಕರು. "ಏನಮ್ಮಾ, ಇದು ಕಾಫಿ ಚೆಲ್ಲಿದ ಹಾಗಿದೆಯಲ್ಲ! ಓ, ಅಲ್ಲಿದೆ ನೋಡು ನನ್ನ ಬಣ್ಣ," ಅಂತ ಮೇಜಿನ ಮೇಲಿದ್ದ ತೊಟ್ಟಪ್ಪನ ಚೂರನ್ನು ಎತ್ತಿ ಚೀಲದ ಮೇಲಿಟ್ಟರು. ಚೂರು ಚೀಲದಲ್ಲಿ ಕರಗಿಹೋಯಿತು.

ತೊಟ್ಟಪ್ಪನ ಎದೆಯ ಮೇಲಿಂದ ಒಂದು ಕಲ್ಲು ಉರುಳಿತು. ತನ್ನ ಕಣ್ಣು ಸರಿಯಿದೆ! ನಗು ತಡೆಯಲಾಗಲಿಲ್ಲ. ಗೆದ್ದವನಂತೆ ಅಕ್ಕನ ಕಡೆ ತಿರುಗಿದ.

ಅಕ್ಕ ಕನ್ನಡಕ ತೆಗೆದು ಒರೆಸುತ್ತಿದ್ದಳು. ಹಾಕಿಕೊಂಡು ಚೀಲದ ಮೇಲೆ ಬಗ್ಗಿ ಎರಡೂ ಚೂರುಗಳನ್ನು ನೋಡಿದಳು. ಮತ್ತೆ ತೆಗೆದು ಒರೆಸಿದಳು.

"ಎರಡೂ ಒಂದೇ ಥರ ಇದೆಯಲ್ಲೋ," ಅಂದಳು ಸಣ್ಣಗೆ.

ತೊಟ್ಟಪ್ಪನ ನಗು ಅಲ್ಲೇ ಆರಿತು. ಈಗ ತಾನೇ ಸಂತೋಷಪಟ್ಟಿದ್ದಕ್ಕೆ ಅವನಿಗೆ ತನ್ನ ಮೇಲೇ ಅಸಹ್ಯವಾಯಿತು. ತಾತನಿಗೆ ಸಂಜೆ ಬರಲು ಹೇಳಿ ಕಳಿಸಿ, ಅಕ್ಕನ ಎದುರು ಬಂದು ನಿಂತ. ಬಾಯಿಗೆ ಬಂದದ್ದು ಹೇಳಿದ.

"ಅಕ್ಕಾ, ನಾಳಿದ್ದು ಕಣ್ಣಿನ ಡಾಕ್ಟರ ಹತ್ರ ಹೋಗೋಣ. ನನಗೆ ತೋರಿಸಬೇಕು. ಒಬ್ಬನೇ ಹೋಗೋಕೆ ಭಯ."

ಅಕ್ಕ ಅವನನ್ನೇ ನೋಡಿದಳು. ಸುಳ್ಳು ಹೇಳಲು ಬಾರದವನು ಇವನು, ಚಿಕ್ಕಂದಿನಿಂದಲೂ.

"ಹೂಂ," ಅಂದಳು. "ನೀನು ಮೊದಲಿಂದಲೂ ಪುಕ್ಕಲನೇ. ಬರ್ತೀನಿ. ಹೇಗೂ ಬಂದಿರ್ತೀನಲ್ಲ, ನಾನೂ ತೋರಿಸಿಕೊಂಡರಾಯ್ತು."

ಆಮೇಲೆ ಗೋಡೆಯ ಕಡೆ ಹೋದಳು. ತನ್ನ ಮೊಳೆಯಿಂದ ಅಪ್ಪನ ಬ್ರಷ್ ತೆಗೆದು, ಪಕ್ಕದಲ್ಲಿದ್ದ ತೊಟ್ಟಪ್ಪನ ಮೊಳೆಗೆ ನೇತುಹಾಕಲು ಹೋದಳು. ಬ್ರಷ್ ಮೊಳೆಗೆ ಸಿಗದೆ ಗೋಡೆಗೆ ತಾಗಿತು. ತೊಟ್ಟಪ್ಪನ ಕೈ ಮುಂದೆ ಬಂದದ್ದು ಹಾಗೇ ನಿಂತಿತು. ಅಕ್ಕ ಎಡಗೈಯಿಂದ ಗೋಡೆ ತಡವಿ, ಮೊಳೆಯನ್ನು ಬೆರಳಲ್ಲಿ ಹಿಡಿದುಕೊಂಡು, ಬ್ರಷ್ ಸಿಕ್ಕಿಸಿದಳು.